ಒಂದೇ ಮಗ್ಗುಲಿಗೆ ಇಳಿಯುತ್ತಿದ್ದ ಕಾಫಿ

ಹೊಸ ಗ್ರೈಂಡರ್ ಬಂದ ಮೂರನೆಯ ದಿನ ಬೆಳಿಗ್ಗೆ ಮೆಷಿನ್ನಿನ ಕೆಳಗೆ ತಲೆ ಬಗ್ಗಿಸಿ ನೋಡಿದೆ. ಕಾಫಿ ಎಡಮಗ್ಗುಲಿನಿಂದ ಮಾತ್ರ ಇಳಿಯುತ್ತಿತ್ತು. ಬಲಗಡೆಯ ಜಾಲರಿ ಇನ್ನೂ ಒಣಗಿಕೊಂಡೇ ಇತ್ತು. ಹತ್ತು ಸೆಕೆಂಡು ಕಳೆದ ಮೇಲೆ ಅಲ್ಲಿಂದಲೂ ಎರಡು ಹನಿ ಬಿದ್ದವು. ಅಷ್ಟರಲ್ಲಿ ಎಡಗಡೆಯ ಧಾರೆ ಬಿಳಚಿಕೊಂಡು, ಪಕ್ಕಕ್ಕೆ ಚಿಮ್ಮಿ ನನ್ನ ಕನ್ನಡಕಕ್ಕೆ ಸಿಡಿಯಿತು.

ಎಸ್ಪ್ರೆಸೊ ಮಾಡುವುದು ನೋಡಲು ಸುಲಭದ ಕೆಲಸ. ಉದ್ದ ಹಿಡಿಯ ಬಟ್ಟಲಿಗೆ ಹದಿನೆಂಟು ಗ್ರಾಂ ಪುಡಿ ತುಂಬಿ, ಒತ್ತಿ ಮಟ್ಟಮಾಡಿ, ಮೆಷಿನ್ನಿಗೆ ಸಿಕ್ಕಿಸಿದರೆ ಕುದಿಯ ಹತ್ತಿರದ ನೀರು ಭಾರೀ ಒತ್ತಡದಲ್ಲಿ ಪುಡಿಯೊಳಗಿಂದ ಹಾಯ್ದು ಬರುತ್ತದೆ. ಪುಡಿ ಎಲ್ಲ ಕಡೆಯೂ ಒಂದೇ ಸಮ ಇದ್ದರೆ ಬಟ್ಟಲಿನ ತಳದ ತುಂಬ ಕಂದು ಹನಿಗಳು ಮೂಡಿ, ನಡುವಿಗೆ ಸೇರಿ, ಜೇನುತುಪ್ಪದ ಹಾಗೆ ಒಂದೇ ಎಳೆಯಾಗಿ ಇಳಿಯುತ್ತವೆ. ಮೂವತ್ತಾರು ಗ್ರಾಂ ಇಳಿಯಲು ಇಪ್ಪತ್ತೇಳು, ಇಪ್ಪತ್ತೆಂಟು ಸೆಕೆಂಡು. ಹಾಗಾಗದೆ ನೀರು ಒಂದು ಕಡೆ ಸಂದು ಮಾಡಿಕೊಂಡು ನುಗ್ಗಿತೋ, ಆ ಕಡೆಯ ಪುಡಿ ಬಸಿದು ಬಸಿದು ಕಹಿಯಾಗುತ್ತದೆ, ಈ ಕಡೆಯದು ನೆನೆಯದೆ ಹುಳಿಯಾಗಿಯೇ ಉಳಿಯುತ್ತದೆ. ಲೋಟದಲ್ಲಿ ಎರಡೂ ಒಟ್ಟಿಗೆ ಬೀಳುತ್ತವೆ. ಆ ಮಳೆಗಾಲದಲ್ಲಿ ನಮ್ಮ ಅಂಗಡಿಯ ಕಾಫಿ ಹೀಗಾಗಿತ್ತು.

ಅಂಗಡಿ ಇರುವುದು ಬಿಳಿಕೆರೆ ದಾಟಿದ ಮೇಲೆ, ಹುಣಸೂರಿಗೆ ಹೋಗುವ ಹೈವೇ ಪಕ್ಕ. ಕೊಡಗಿಗೆ ಹೋಗುವವರು, ಕೋಟೆ ತಾಲ್ಲೂಕಿನ ಕಡೆ ಕಾಡು ನೋಡಲು ಹೊರಟವರು, ಬಸ್ಸು ತಪ್ಪಿಸಿಕೊಂಡ ಮೇಷ್ಟರುಗಳು, ಟೊಮೆಟೊ ಗಾಡಿಯ ಡ್ರೈವರುಗಳು ಎಲ್ಲರೂ ಅಲ್ಲಿ ನಿಲ್ಲುತ್ತಾರೆ. ಒಡತಿ ಊರಿನ ಬೇಸಾಯಗಾರರ ಮನೆಯವರು. ನಾವು ಅವರನ್ನು ಅಕ್ಕ ಎನ್ನುತ್ತೇವೆ. ಮೆಷಿನ್ ಮುಂದೆ ನಿಲ್ಲುವವಳು ನಾನು. ಕಾಫಿ ಹೇಗಿರಬೇಕೆಂದು ಹೇಳುವವರು ನಾವೆಲ್ಲ ಯಜಮಾನರು ಎಂದು ಕರೆಯುತ್ತಿದ್ದ ಹಿರಿಯರು.

ಯಜಮಾನರು ಬೆಟ್ಟದಪುರದವರು. ಹುಣಸೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಹೀರಿ, ಉಗುಳಿ, ಈ ಮೂಟೆ ಯಾವ ತೋಟದ್ದು, ಎಲ್ಲಿ ಮಳೆಗೆ ನೆನೆದಿದೆ, ಯಾವುದಕ್ಕೆ ಗೋಣಿಯ ವಾಸನೆ ಹತ್ತಿದೆ ಎಂದು ಹೇಳುತ್ತಿದ್ದವರು. ಅಂಗಡಿ ಶುರುವಾದಾಗ ಅಕ್ಕ ಅವರ ಮನೆಗೇ ಹೋಗಿ ಕೇಳಿಕೊಂಡು ಕರೆತಂದಿದ್ದರು. ವಾರಕ್ಕೆ ನಾಲ್ಕು ದಿನ, ಹುಣಸೂರಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಪುಡಿ ಎಷ್ಟು ಸಣ್ಣಗಿರಬೇಕು, ಒತ್ತುವಾಗ ಮೊಣಕೈ ಎಲ್ಲಿರಬೇಕು, ಎಲ್ಲವನ್ನೂ ನನಗೆ ಕಲಿಸಿದವರು ಅವರು. ಒಂದು ದಿನವೂ ಗದರಿದವರಲ್ಲ. ಕಾಫಿ ಕೆಟ್ಟರೆ ಲೋಟವನ್ನು ಸುಮ್ಮನೆ ನನ್ನ ಕಡೆ ತಳ್ಳುತ್ತಿದ್ದರು, ಅಷ್ಟೇ.

ಹಿಂದಿನ ವರ್ಷ ಅವರ ನಾಲಿಗೆಯ ಬುಡದಲ್ಲಿ ಹುಣ್ಣಾಗಿ, ಅದು ಕೆಟ್ಟ ಹುಣ್ಣೆಂದು ಗೊತ್ತಾಗಿ, ಮೈಸೂರಿನಲ್ಲಿ ವಾರಗಟ್ಟಲೆ ರೇಡಿಯೇಶನ್ನಿನ ಕರೆಂಟು ಕೊಡಿಸಿಕೊಂಡಿದ್ದರು. ಗುಣವಾಯಿತು ಎಂದು ಡಾಕ್ಟರು ಹೇಳಿದ ಮೇಲೆ ಮತ್ತೆ ಬರತೊಡಗಿದರು. ಅಂಗಿಯ ಕಾಲರು ಸಡಿಲವಾಗಿ, ಕತ್ತು ಕಪ್ಪಾಗಿ, ಕೈಯಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ. ಬಂದ ಮೊದಲ ವಾರವೇ ಹೇಳಿದರು: "ಕಾಫಿ ಚಪ್ಪೆ ಒಡೀತಾ ಅದೆ. ಗ್ರೈಂಡರ್ ಅಲ್ಲು ಓಗವೆ ಕಣವ್ವ."

ಗ್ರೈಂಡರಿನೊಳಗೆ ಎದುರುಬದುರಾಗಿ ಕೂತ ಎರಡು ಉಕ್ಕಿನ ಬಿಲ್ಲೆಗಳಿರುತ್ತವೆ. ಅವುಗಳ ಮೈಮೇಲೆ ಹಲ್ಲುಗಳು. ಹಲ್ಲು ಮೊಂಡಾದರೆ ಪುಡಿ ಹದಗೆಡುವುದು ನಿಜ. ನಾನು ಕುಡಿದು ನೋಡಿದೆ. ಅಲ್ಲಿಯವರೆಗೆ ಚೆನ್ನಾಗಿಯೇ ಇದೆ ಅನ್ನಿಸಿದ್ದ ಕಾಫಿ ಅವರು ಹೇಳಿದ ಮೇಲೆ ನನಗೂ ಚಪ್ಪೆ ಅನ್ನಿಸಿತು. ಅಕ್ಕ ಎರಡನೇ ಮಾತಾಡಲಿಲ್ಲ. "ಅವರ ನಾಲ್ಗೆ ಏಳ್ತು ಅಂದ್ರೆ ಮುಗೀತು. ತರಿಸಾನ ಬುಡು" ಎಂದರು. ದೊಡ್ಡ ಬಿಲ್ಲೆಗಳ ಹೊಸ ಗ್ರೈಂಡರ್ ಬಂತು. ಹಳೆಯದನ್ನು ಗೋಣಿಯಲ್ಲಿ ಸುತ್ತಿ ಹಿಂದಿನ ಕೋಣೆಗೆ ಸೇರಿಸಿದೆ.

ಹೊಸದರ ಮೊದಲ ದಿನದ ಲೆಕ್ಕ ನನ್ನ ಪುಸ್ತಕದಲ್ಲಿ ಇನ್ನೂ ಇದೆ. ಒಂದೇ ಅಳತೆಯ ಪುಡಿ, ಒಂದೇ ಬೀಜ, ಒಂದೇ ಕೈ. ಮೊದಲನೆಯದು ಹತ್ತೊಂಬತ್ತು ಸೆಕೆಂಡು. ಎರಡನೆಯದು ಮೂವತ್ತನಾಲ್ಕು. ಮೂರನೆಯದು ಇಪ್ಪತ್ತೆರಡು. ಹೊಸ ಬಿಲ್ಲೆ ಪಳಗಲಿ ಎಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕೆಳಗೆ ಜಾಲರಿಯಷ್ಟೇ ಕಾಣುವ, ತಳ ತೆರೆದ ಬಟ್ಟಲು ಹಾಕಿ ಕೆಳಗಿಂದ ನೋಡಿದಾಗ ಕಂಡದ್ದೇ ಮೊದಲು ಹೇಳಿದ ಆ ಎಡಮಗ್ಗುಲಿನ ಧಾರೆ.

ನಾನು ಮೊದಲು ನನ್ನನ್ನೇ ಅನುಮಾನಿಸಿದೆ. ಒತ್ತುವಾಗ ಕೈ ವಾಲುತ್ತಿರಬೇಕು ಎಂದುಕೊಂಡು ಕನ್ನಡಿ ಇಟ್ಟುಕೊಂಡು ಒತ್ತಿದೆ. ಪುಡಿ ಗಂಟುಗಂಟಾಗಿ ಬೀಳುತ್ತಿರಬೇಕೆಂದು ಬಾಟಲಿಯ ಬಿರಡೆಗೆ ಐದು ಸಣ್ಣ ಸೂಜಿ ಚುಚ್ಚಿ, ಅದರಿಂದ ಪುಡಿಯನ್ನು ತಳದವರೆಗೆ ಕೆದಕಿ ಹರಡಿದೆ. ಪುಡಿ ಅಂಟಿಕೊಳ್ಳದಿರಲೆಂದು ರುಬ್ಬುವ ಮುಂಚೆ ಬೀಜಕ್ಕೆ ಒಂದು ಹನಿ ನೀರು ತಾಗಿಸಿದೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರಿಂದ ರಸಮಟ್ಟ ಇಸಕೊಂಡು ಬಂದು ಮೆಷಿನ್ ಮೇಲಿಟ್ಟರೆ ಗುಳ್ಳೆ ಒಂದು ಕೂದಲು ಪಕ್ಕಕ್ಕಿತ್ತು. ಸಿಕ್ಕಿತು ಎಂದುಕೊಂಡೆ. ಕಾಲಿನ ಕೆಳಗೆ ರಬ್ಬರಿನ ಚೂರು ಕೊಟ್ಟು ಸರಿಮಾಡಿದೆ. ಮಾರನೆಯ ಬೆಳಿಗ್ಗೆ ಧಾರೆ ಎಡಕ್ಕೆ ಬದಲು ಹಿಂದಕ್ಕೆ ಬಿತ್ತು. ಮಧ್ಯಾಹ್ನ ಮತ್ತೆ ಎಡಕ್ಕೆ.

ಗ್ರೈಂಡರ್ ಮಾರಿದವರಿಗೆ ಫೋನು ಮಾಡಿದರೆ ಇನ್ನೂ ಹತ್ತು ಕೆಜಿ ಬೀಜ ರುಬ್ಬಿ, ತಾನಾಗಿಯೇ ಸರಿಯಾಗುತ್ತದೆ ಎಂದರು. ಹಳೆಯ, ಕಂದಿಹೋದ ಬೀಜ ತಂದು ಒಂದು ಮಧ್ಯಾಹ್ನವೆಲ್ಲ ರುಬ್ಬಿದೆ. ಅಂಗಡಿಯ ತುಂಬ ಹೊಟ್ಟು ಹಾರಿತು. ಏನೂ ಬದಲಾಗಲಿಲ್ಲ.

ದಿನಾ ಹತ್ತು ಗಂಟೆಗೆ ಬರುತ್ತಿದ್ದ ಹೈಸ್ಕೂಲಿನ ಒಬ್ಬ ಟೀಚರು ಒಂದು ದಿನ ಅರ್ಧ ಲೋಟ ಬಿಟ್ಟು ಎದ್ದರು. "ಏನಾದ್ರೂ ಬದಲಾಯಿಸಿದ್ದೀರಾ?" ಎಂದು ಕೇಳಿದರು. ಹೊಸ ಗ್ರೈಂಡರ್ ಎಂದೆ. "ಹಳೇದೇ ಚೆನ್ನಾಗಿತ್ತಲ್ಲ" ಎಂದು ಛತ್ರಿ ಬಿಚ್ಚಿಕೊಂಡು ಹೋದರು. ನನಗೆ ಆ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ತಲೆಗೆ ಹೋಗದಿರಲು ಕಾರಣ ಯಜಮಾನರು. ನಾನು ಮಾಡಿದ ಪ್ರತಿ ಲೋಟವನ್ನೂ ಅವರ ಮುಂದಿಡುತ್ತಿದ್ದೆ. ಅವರು ಒಂದು ಗುಟುಕು ಹೀರಿ, ಬಾಯಲ್ಲಿ ತಿರುಗಿಸಿ, ಬಾಟಲಿಯ ನೀರು ಕುಡಿದು ಹೇಳುತ್ತಿದ್ದದ್ದು ಒಂದೇ ಮಾತು: "ಇನ್ನೊಂಚೂರು ಸಣ್ಣ ಮಾಡು." ಮಾಡಿದೆ. ಗ್ರೈಂಡರಿನ ಅಳತೆಚಕ್ರದಲ್ಲಿ ಒಂದು ಗೀಟು. ಮಾರನೆಯ ದಿನ ಮತ್ತೆ ಅದೇ. ಪುಡಿ ಸಣ್ಣಗಾದಷ್ಟೂ ನೀರಿಗೆ ದಾರಿ ಸಿಗದೆ, ಅದು ಇನ್ನೂ ಜೋರಾಗಿ ಒಂದು ಕಡೆ ಸೀಳಿಕೊಂಡು ನುಗ್ಗುತ್ತಿತ್ತು. ಸಣ್ಣ ಮಾಡಿದರೆ ಹಾಳಾಗುತ್ತಿದೆ ಎಂದು ನನ್ನ ಕಣ್ಣಿಗೇ ಕಾಣುತ್ತಿತ್ತು. ಒಂದು ದಿನ ಹೇಳಿಯೂ ಹೇಳಿದೆ.

"ಯಜಮಾನ್ರೆ, ಇದು ಸಣ್ಣ ಆದಷ್ಟೂ ಜಾಸ್ತಿ ಸೀಳ್ತಾ ಅದೆ. ಒಂದೆರಡು ಗೀಟು ದಪ್ಪ ಮಾಡಿ ನೋಡ್ಲಾ?"

"ದಪ್ಪ ಮಾಡುದ್ರೆ ನೀರು ಕುಡುದಂಗಾಯ್ತದೆ. ಇದ್ರಲ್ಲಿ ಏನೂ ಇಲ್ವಲ್ಲವ್ವ" ಎಂದರು.

ಏನೂ ಇಲ್ಲ ಎಂದವರ ಮುಂದಿನ ಲೋಟ ನನ್ನ ಬಾಯಿಗೆ ಹುಳಿಯೂ ಕಹಿಯೂ ಆಗಿ ನಾಲಿಗೆಯ ಎರಡೂ ಅಂಚನ್ನು ಎಳೆಯುತ್ತಿತ್ತು. ಆದರೂ ನನ್ನ ನಾಲಿಗೆಯೇ ಸರಿಯಿಲ್ಲ ಎಂದುಕೊಂಡೆ. ಕಲಿಸಿದವರ ಮೇಲೆ ಅನುಮಾನಪಡುವುದು ನನಗೆ ಗೊತ್ತಿರಲಿಲ್ಲ.

ಮೂರು ವಾರ ಹೀಗೇ ಹೋಯಿತು. ಕೊನೆಗೆ ಬಿಚ್ಚಿ ನೋಡುವುದೆಂದು ಅಕ್ಕನ ಹತ್ತಿರ ಕೇಳಿದೆ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದು ಮಾರಿದವರು ಹೇಳಿದ್ದರು. ಅಕ್ಕ ಸ್ವಲ್ಪ ಹೊತ್ತು ಗ್ರೈಂಡರನ್ನೇ ನೋಡಿದರು.

"ನೀನು ಬಿಚ್ಚೀಯಾ? ತಿರುಗಾ ಸೇರ್ಸೋಕೆ ಬತ್ತದಾ?"

"ಬತ್ತದೆ ಅಕ್ಕ."

"ಅಂಗಾರೆ ಬಿಚ್ಚು."

ಮಧ್ಯಾಹ್ನ ಗಿರಾಕಿ ಕಮ್ಮಿಯಾದ ಮೇಲೆ ಮೇಲಿನ ಬಿಲ್ಲೆ ತೆಗೆದು, ಹಲ್ಲುಗಳ ಹೊರ ಅಂಚಿಗೆ ಸುತ್ತಲೂ ಕಪ್ಪು ಮಾರ್ಕರಿನಿಂದ ಬಣ್ಣ ಹಚ್ಚಿದೆ. ಮತ್ತೆ ಕೂರಿಸಿ, ಎರಡು ಬಿಲ್ಲೆಗಳು ಒಂದಕ್ಕೊಂದು ಸವರುವಷ್ಟು ಹತ್ತಿರ ತಂದು, ಕೈಯಿಂದ ಒಂದೆರಡು ಸುತ್ತು ತಿರುಗಿಸಿ ಬಿಚ್ಚಿದೆ. ಬಿಲ್ಲೆಗಳು ಸಮವಾಗಿ ಕೂತಿದ್ದರೆ ಬಣ್ಣ ಸುತ್ತಲೂ ಅಳಿಸಬೇಕು. ಇಲ್ಲಿ ಗಡಿಯಾರದ ಎರಡರಿಂದ ಐದರವರೆಗೆ ಮಾತ್ರ ಅಳಿಸಿತ್ತು. ಮಿಕ್ಕ ಕಡೆ ಬಣ್ಣ ಹಚ್ಚಿದ ಹಾಗೇ ಇತ್ತು. ಅಂದರೆ ಒಂದು ಬಿಲ್ಲೆ ವಾಲಿ ಕೂತಿದೆ. ಒಂದು ಕಡೆ ಹಿಟ್ಟಿನಂಥ ಪುಡಿ, ಇನ್ನೊಂದು ಕಡೆ ರವೆಯಂಥ ಪುಡಿ, ಎರಡೂ ಬೆರೆತು ಬಟ್ಟಲಿಗೆ ಬೀಳುತ್ತಿದೆ. ನಾನು ಎಷ್ಟು ಕೆದಕಿ ಹರಡಿದರೂ ಅದು ಸರಿಯಾಗುವ ಹಾಗಿರಲಿಲ್ಲ.

ಬಿಲ್ಲೆ ಕೂರುವ ಜಾಗಕ್ಕೆ ಟಾರ್ಚು ಹಾಕಿದೆ. ಒಂದು ಸ್ಕ್ರೂವಿನ ತೂತಿನ ಪಕ್ಕ ಕಂಪನಿಯಲ್ಲಿ ಬಳಿದ ಬಣ್ಣ ಹರಿದು ಬಂದು ಗಟ್ಟಿಯಾಗಿತ್ತು. ಬ್ಲೇಡಿನಿಂದ ಕೆರೆದು ಮತ್ತೆ ಮಾರ್ಕರ್ ಹಚ್ಚಿದೆ. ಈ ಸಲ ಅರ್ಧದಷ್ಟು ಅಳಿಸಿತು. ಇನ್ನರ್ಧಕ್ಕೆ ನನ್ನ ಕೈಲಿ ಆಗುವ ಕೆಲಸವಿರಲಿಲ್ಲ.

ಮಾರನೆಯ ದಿನ ಆ ಭಾಗವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕೆ.ಆರ್. ನಗರದ ಬಸ್ಸು ಹತ್ತಿದೆ. ಅಲ್ಲಿ ಆಲೆಮನೆಯ ಗಾಣಗಳನ್ನೂ ಅಕ್ಕಿಗಿರಣಿಯ ಶಾಫ್ಟುಗಳನ್ನೂ ರಿಪೇರಿ ಮಾಡುವ ಒಬ್ಬ ಲೇತಿನವರಿದ್ದರು. ಕಾಫಿಯ ಸಾಮಾನು ಅಂದಾಗ ನಕ್ಕರು. ಆದರೆ ಏರುತಗ್ಗು ಅಳೆಯುವ ಮುಳ್ಳಿನ ಗೇಜು ಇಟ್ಟು ಒಂದು ಸುತ್ತು ತಿರುಗಿಸಿದ ಮೇಲೆ ನಗು ಹೋಯಿತು.

"ಈ ಕಡೆ ಎತ್ತರ ಅದೆ ನೋಡಿ. ಕೂದ್ಲಲ್ಲಿ ಅರ್ಧ. ಗಾಣಕ್ಕಾದ್ರೆ ನಡೀತದೆ. ಇದಕ್ಕೆ ನಡೆಯಕಿಲ್ಲ ಅಲ್ವಾ?"

"ನಡೆಯಕಿಲ್ಲ."

"ಕೂತ್ಕಳಿ ಅಂಗಾರೆ" ಎಂದು ಅದನ್ನು ಲೇತಿಗೆ ಕಟ್ಟಿದರು. ಕಣ್ಣಿಗೆ ಕಾಣದಷ್ಟು ತೆಳುವಾಗಿ ಎರಡು ಸಲ ಸವರಿದರು. ಹೊರಗೆ ಸೋನೆ ಹಿಡಿದಿತ್ತು. ಗದ್ದೆಗೆ ಪೈರು ಹೊತ್ತ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಮೂರು ವಾರದಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಸಂಜೆ ನಾಲ್ಕಕ್ಕೆ ಎಲ್ಲ ಜೋಡಿಸಿ ಮಾರ್ಕರ್ ಹಚ್ಚಿದರೆ ಬಣ್ಣ ಸುತ್ತಲೂ ಅಳಿಸಿತು. ಎರಡು ಗೀಟು ದಪ್ಪ ಇಟ್ಟು ಮೊದಲ ಕಾಫಿ ಇಳಿಸಿದೆ. ತಳದ ತುಂಬ ಹನಿಗಳು ಒಟ್ಟಿಗೆ ಮೂಡಿದವು. ನಡುವಿಗೆ ಬಂದು ಸೇರಿ ಒಂದೇ ಎಳೆಯಾಗಿ, ಅಲುಗಾಡದೆ ಇಳಿಯಿತು. ಇಪ್ಪತ್ತೆಂಟು ಸೆಕೆಂಡು. ಎರಡನೆಯದು ಇಪ್ಪತ್ತೇಳು. ಮೂರನೆಯದು ಇಪ್ಪತ್ತೆಂಟು. ಅಕ್ಕ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಮುಗಿಸಿದರು. "ಬಂತು ನೋಡು" ಎಂದರು. ನನಗೂ ಹಾಗೇ ಅನ್ನಿಸಿತು. ಬೆಲ್ಲ ಕಾಯಿಸುವಾಗ ಬರುವಂಥ ಸಿಹಿ, ಅದರ ಹಿಂದೆ ತೆಳುವಾದ ಹುಳಿ, ಕೊನೆಗೆ ನಾಲಿಗೆ ಒಣಗಿಸದ ಕಹಿ. ನಾಳೆ ಯಜಮಾನರಿಗೆ ಕೊಡುತ್ತೇನೆ ಎಂದುಕೊಂಡು ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಅವರು ಬಂದು ಬೆಂಚಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು. ನಾನು ಲೋಟ ಮುಂದಿಟ್ಟು ಎದುರಿಗೇ ನಿಂತೆ. ಹೀರಿದರು. ಬಾಯಲ್ಲಿ ತಿರುಗಿಸಿದರು. ನೀರು ಕುಡಿದರು.

"ಊಂ. ಇನ್ನೊಂಚೂರು ಸಣ್ಣ ಮಾಡು" ಎಂದರು.

ಅಕ್ಕ ನನ್ನ ಮುಖ ನೋಡಿದರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ತಮ್ಮ ಡಬ್ಬಿಯಿಂದ ನನಗೆ ಒಂದು ಸೌಟು ಉಪ್ಸಾರು ಬಡಿಸಿದರು. ಮೊದಲ ತುತ್ತಿಗೇ ನನ್ನ ಬಾಯಿ ಕಟ್ಟಿತು. ಮನೆಯಲ್ಲಿ ಯಾರೋ ಮರೆತು ಎರಡು ಸಲ ಉಪ್ಪು ಹಾಕಿದ್ದರು. ಅವರು ಮುದ್ದೆ ಮುರಿದು ಮುರಿದು ಅದ್ದಿ ನುಂಗುತ್ತಿದ್ದರು.

"ಉಪ್ಪು ಒಸಿ ಮುಂದಾಗಿ ಅದಲ್ವಾ ಯಜಮಾನ್ರೆ?" ಎಂದೆ.

ಅವರ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. "ಸರಿಯಾಗೇ ಅದಲ್ಲ" ಎಂದು ಮತ್ತೆ ಉಣ್ಣತೊಡಗಿದರು.

ಅವರು ಮೂರು ಗಂಟೆಯ ಬಸ್ಸಿಗೆ ಹೋದ ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ ಗೋಣಿ ಬಿಚ್ಚಿ ಹಳೆಯ ಗ್ರೈಂಡರ್ ಹೊರಗೆ ತಂದೆ. ಧೂಳು ಒರೆಸಿ, ಬಿಲ್ಲೆ ತೆಗೆದು ಬೆರಳಿನಿಂದ ಹಲ್ಲು ಸವರಿ ನೋಡಿದೆ. ಮೊಂಡಾಗಿರಲಿಲ್ಲ. ಅದೇ ಬೀಜ ಹಾಕಿ ರುಬ್ಬಿ ಕಾಫಿ ಇಳಿಸಿದೆ. ಎಳೆ ನಡುವಿನಿಂದ ನೆಟ್ಟಗೆ ಇಳಿಯಿತು. ಕುಡಿದೆ. ಚೆನ್ನಾಗಿತ್ತು. ಅದು ಯಾವತ್ತೂ ಚೆನ್ನಾಗಿಯೇ ಇತ್ತು. ಟೀಚರು ಹೇಳಿದ್ದ ಮಾತು ಆಗ ತಲೆಗೆ ಹೋಯಿತು. ಗ್ರೈಂಡರನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಒಳಗಿಟ್ಟೆ.

ಏನು ಮಾಡಬೇಕು ಎಂದು ಎರಡು ದಿನ ಯೋಚಿಸಿದೆ. ಸುಮ್ಮನಿದ್ದುಬಿಡಬಹುದಿತ್ತು. ಅವರು ಸಣ್ಣ ಮಾಡು ಎಂದಾಗ ಆಯಿತು ಎಂದು, ಗಿರಾಕಿಗಳಿಗೆ ನನಗೆ ಸರಿ ಕಂಡಂತೆ ಕೊಡಬಹುದಿತ್ತು. ಆದರೆ ಮುಂದಿನ ವಾರ ಹೊಸ ಬೆಳೆಯ ಬೀಜ ಆರಿಸಲು ಪಿರಿಯಾಪಟ್ಟಣದ ಕಡೆಯ ತೋಟಗಳಿಂದ ಮಾದರಿಗಳು ಬರುವುದಿತ್ತು. ವರ್ಷಪೂರ್ತಿ ಅಂಗಡಿಗೆ ಬೇಕಾದ ಬೀಜವನ್ನು ಅವರ ನಾಲಿಗೆಯ ಮೇಲೇ ಅಕ್ಕ ಆರಿಸುತ್ತಿದ್ದರು. ನಾನು ಅಕ್ಕನಿಗೆ ಹೇಳಿದರೆ ಅದು ಚಾಡಿಯಾಗುತ್ತದೆ. ಅವರನ್ನೇ ಕೇಳಿದರೆ ಸರಿಯಾಗೇ ಅದೆ ಎನ್ನುತ್ತಾರೆ. ಹಾಗಾಗಿ ಮೂರನೆಯ ದಾರಿ ಹಿಡಿದೆ. ಈಗ ನೆನೆದರೆ ಅದು ಮೂರರಲ್ಲಿ ಕೆಟ್ಟ ದಾರಿ.

ಕಾಫಿ ಇಳಿಯುವಾಗ ಅದನ್ನು ಮೂರು ಲೋಟಗಳಿಗೆ ಬೇರೆ ಬೇರೆಯಾಗಿ ಹಿಡಿಯುವ ಒಂದು ಕ್ರಮವಿದೆ. ಮೊದಲು ಇಳಿಯುವುದು ಗಟ್ಟಿ, ಹುಳಿ. ನಡುವಿನದು ಸಿಹಿ. ಕೊನೆಯದು ತೆಳು, ಕಹಿ. ಹದ ಎಲ್ಲಿ ತಪ್ಪಿದೆ ಎಂದು ತಿಳಿಯಲು ಯಜಮಾನರೇ ನನಗೆ ಹೇಳಿಕೊಟ್ಟಿದ್ದರು. ಅವತ್ತು ಅಕ್ಕ ಹುಣಸೂರಿಗೆ ಹೋಗಿದ್ದರು. ಮಧ್ಯಾಹ್ನ ಅಂಗಡಿ ಖಾಲಿಯಾಗಿದ್ದಾಗ ಹಾಗೆ ಹಿಡಿದು, ನೊರೆ ಆರುವವರೆಗೆ ಬಿಟ್ಟು, ಗಟ್ಟಿಯಿದ್ದದ್ದಕ್ಕೆ ಬಿಸಿನೀರು ಬೆರೆಸಿ ಮೂರರ ಬಣ್ಣವೂ ಒಂದೇ ಕಾಣುವಂತೆ ಮಾಡಿದೆ. ಸ್ಟೀಲಿನ ಲೋಟಗಳಲ್ಲಿ ಸಾಲಾಗಿ ಅವರ ಮುಂದಿಟ್ಟೆ. ಕೊನೆಯದನ್ನು ಮೊದಲಿಗೆ, ಮೊದಲಿನದನ್ನು ಕೊನೆಗೆ.

"ಮೂರು ಮಾಡಿ ಹಿಡ್ದೀನಿ. ಎಲ್ಲಿ ತಪ್ಪದೆ ನೋಡಿ ಯಜಮಾನ್ರೆ" ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

ಅವರು ಒಂದೊಂದೇ ಹೀರಿದರು. ಅವಸರ ಮಾಡಲಿಲ್ಲ. ಮೂರೂ ಮುಗಿದ ಮೇಲೆ ಮೊದಲ ಲೋಟವನ್ನು ಬೆರಳಿನಿಂದ ಮುಟ್ಟಿದರು.

"ಇದು ಉಳಿ ಅದೆ. ಇರ್ಬೇಕಾದ್ದೇ. ನಡೂದು ಸಿಹಿ. ಕೊನೇದು ಕಹಿ ಒಸಿ ಜಾಸ್ತಿ."

ನಾನು ತಲೆಯಾಡಿಸಬೇಕಿತ್ತು. ಆಡಿಸಲಾಗಲಿಲ್ಲ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಲೋಟಗಳನ್ನು ನೋಡಿದರು. ಹೊರಗೆ ಒಂದು ಲಾರಿ ಹೋಗಿ ಕಿಟಕಿಯ ಗಾಜು ಅದುರಿ ನಿಂತಿತು.

"ತಿರುಗ್ಸಿ ಇಟ್ಟಿದ್ಯಾ?"

"ಊಂ."

ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಡಾಕ್ಟ್ರು, ರುಚಿ ಆರು ತಿಂಗ್ಳಲ್ಲಿ ತಿರುಗಾ ಬತ್ತದೆ ಅಂದಿದ್ರು" ಎಂದರು. "ಕೆಲವ್ರಿಗೆ ವರ್ಷ ಆಯ್ತದಂತೆ. ಕೆಲವ್ರಿಗೆ ಬರೋದೇ ಇಲ್ವಂತೆ. ಮೊದ್ಲು ನಾನೂ ಗ್ರೈಂಡರೇ ಕೆಟ್ಟದೆ ಅಂದ್ಕೊಂಡಿದ್ದೆ ಕಣವ್ವ. ಸುಳ್ಳೇಳ್ಬೇಕು ಅಂತ ಏಳಿದ್ದಲ್ಲ. ಮನೇಲಿ ಕುಡುದ್ರೆ ಪುಡಿ ಸರಿಯಿಲ್ಲ ಅನ್ನೋದು, ಇಲ್ಲಿ ಕುಡುದ್ರೆ ಮಿಷಿನ್ನು ಸರಿಯಿಲ್ಲ ಅನ್ನೋದು. ಓಟ್ಲಲ್ಲಿ ಕುಡುದ್ರೂ ಅಂಗೇ ಆದಾಗ ಗೊತ್ತಾಯ್ತು."

"ಯಾವಾಗ ಗೊತ್ತಾಯ್ತು?"

"ಇದು ಬಂದ ಮೇಲೆ. ಒಂದು ವಾರಕ್ಕೆ." ಹೊಸ ಗ್ರೈಂಡರಿನ ಕಡೆ ನೋಡದೆ ಹೇಳಿದರು. "ಇಷ್ಟು ದೊಡ್ಡದು ತರ್ಸಿ ಕೂರ್ಸವ್ರೆ. ಆಗ ಎಂಗೆ ಏಳ್ಲಿ?"

"ನಂಗಾದ್ರೂ ಏಳ್ಬೋದಿತ್ತಲ್ಲ."

"ನಿಂಗೇ ಏಳಕ್ಕಾಗ್ದೆ ಇದ್ದದ್ದು" ಎಂದರು. "ಯಾರ್ಗಾದ್ರೂ ಏಳೇನು, ಕಲ್ಸಿದವ್ಳಿಗೆ ಎಂಗೇಳಾದು?"

ನಾನು ಲೋಟಗಳನ್ನು ತೆಗೆಯಲು ಕೈ ಚಾಚಿದೆ. ಅವರು ತಡೆದು, ತಾವೇ ಮೂರನ್ನೂ ಎತ್ತಿಕೊಂಡು ಸಿಂಕಿಗೆ ಹೋಗಿ ತೊಳೆದಿಟ್ಟರು. ಅಷ್ಟು ವರ್ಷದಲ್ಲಿ ಅವರು ಅಲ್ಲಿ ಲೋಟ ತೊಳೆದದ್ದನ್ನು ನಾನು ನೋಡಿರಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅಕ್ಕಂಗೆ ನಾನೇ ಏಳ್ತೀನಿ. ನೀನು ಏಳ್ಬೇಡ" ಎಂದರು.

ಮಾರನೆಯ ದಿನ ಅವರು ಬರಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದರು. ಅಕ್ಕ ಬೆಳಗಿನ ಗಲಾಟೆ ಮುಗಿದ ಮೇಲೆ ನನ್ನ ಪಕ್ಕ ಬಂದು ನಿಂತರು. ಕಣ್ಣು ಕೆಂಪಾಗಿತ್ತು.

"ಬಂದು ಸುಮ್ನೆ ಕೂತ್ಕೊಳಿ, ನೀವಿದ್ರೆ ಸಾಕು ಅಂದೆ. ಸುಮ್ನೆ ಕೂರಕ್ಕೆ ಯಾಕಮ್ಮ ಎರಡು ಬಸ್ಸು ಅತ್ತೋದು ಅಂದ್ರು." ಆಮೇಲೆ ಕೇಳಿದರು: "ನಿಂಗೆ ಮುಂಚೇನೆ ಗೊತ್ತಿತ್ತಾ?"

"ಮೂರ್ನಾಲ್ಕು ದಿನದಿಂದ" ಎಂದೆ. ಹೇಗೆ ಗೊತ್ತಾಯಿತೆಂದು ಅವರು ಕೇಳಲಿಲ್ಲ. ಮೂರು ಲೋಟದ ವಿಷಯ ಯಜಮಾನರು ಹೇಳಿರಲಿಲ್ಲವೆಂದು ಅದರಿಂದ ತಿಳಿಯಿತು. ನಾನೂ ಹೇಳಲಿಲ್ಲ. ಈವರೆಗೂ ಹೇಳಿಲ್ಲ.

ಹೊಸ ಬೆಳೆಯ ಮಾದರಿಗಳು ಬಂದವು. ಏಳು ಪೊಟ್ಟಣ. ನಾನೇ ಹುರಿದು, ರುಬ್ಬಿ, ಸಾಲಾಗಿ ಇಟ್ಟುಕೊಂಡು ಹೀರಿದೆ. ಮೂರನೆಯದಕ್ಕೂ ಐದನೆಯದಕ್ಕೂ ನಡುವೆ ತೀರ್ಮಾನವಾಗದೆ ಫೋನು ಕೈಗೆತ್ತಿಕೊಂಡು, ಏನು ಕೇಳಲಿ ಎಂದು ತಿಳಿಯದೆ ಕೆಳಗಿಟ್ಟೆ. ಐದನೆಯದನ್ನು ಆರಿಸಿದೆ. ತಪ್ಪಾಗಿರಲಿಲ್ಲ ಎಂದು ಆಮೇಲೆ ಗಿರಾಕಿಗಳು ಹೇಳಿದರು. ಟೀಚರು ಮತ್ತೆ ಪೂರ್ತಿ ಲೋಟ ಕುಡಿಯತೊಡಗಿದರು.

ಎರಡು ತಿಂಗಳ ಮೇಲೆ, ಒಂದು ಸೋಮವಾರ, ಬೆಟ್ಟದಪುರಕ್ಕೆ ಹೋದೆ. ತಂಬಾಕು ಒಣಗಿಸುವ ಬ್ಯಾರನ್‌ಗಳಲ್ಲಿ ಎಲೆ ಬೇಯಿಸುವ ಕಾಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಲ್ಲಿ ಅದೇ ವಾಸನೆ. ಯಜಮಾನರು ಜಗಲಿಯ ಮೇಲೆ ಕೂತು ಅವರೆಬೀಜ ಆರಿಸುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಅವತ್ತಿನ ವಿಷಯ ಎತ್ತಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ.

"ತಪ್ಪು ಮಾಡ್ಬುಟ್ಟೆ ಯಜಮಾನ್ರೆ. ಅಂಗೆ ಇಡ್ಬಾರದಿತ್ತು."

"ನೀನು ಇಟ್ಟಿದ್ಕೆ ಆಯ್ತು, ಬುಡು. ಇಲ್ದಿದ್ರೆ ಇನ್ನೂ ಎಷ್ಟು ದಿನ ಸಣ್ಣ ಮಾಡು, ಸಣ್ಣ ಮಾಡು ಅಂತಿದ್ನೋ" ಎಂದರು. ನಗಲು ನೋಡಿದರು. ಬಾಯಿ ಒಣಗಿದ್ದರಿಂದ ತುಟಿ ಹಲ್ಲಿಗೆ ಅಂಟಿಕೊಂಡಿತು.

ಅವರ ಹೆಂಡತಿ ನಮ್ಮಿಬ್ಬರಿಗೂ ಕಾಫಿ ತಂದರು. ಹಾಲು, ಬೆಲ್ಲ ಹಾಕಿದ ಮನೆಯ ಕಾಫಿ. ಹೊಗೆಯಾಡುತ್ತಿತ್ತು. ನಾನು ಆರಲಿ ಎಂದು ಪಕ್ಕಕ್ಕಿಟ್ಟೆ. ಯಜಮಾನರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಬಾಯಿಗೆ ಇಟ್ಟರು.

"ಆರುಸ್ಕೊಂಡು ಕುಡೀರಿ ಅಂದ್ರೆ ಕೇಳಲ್ಲ. ಬಾಯೆಲ್ಲ ಸುಟ್ಕೋತಾರೆ ದಿನಾ" ಎಂದರು ಹೆಂಡತಿ ನನ್ನ ಕಡೆ ತಿರುಗಿ.

ಅವರು ಗುಟುಕನ್ನು ನುಂಗದೆ ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ಸುಟ್ಟದ್ದಕ್ಕೋ ಏನೋ. ನುಂಗಿದ ಮೇಲೆ ಹೇಳಿದರು:

"ಬಿಸಿ ಒಂದು ಗೊತ್ತಾಯ್ತದೆ ಕಣೆ. ಆರೋದ್ರೆ ಅದೂ ಇಲ್ಲ."

ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು. ನಾನು ನನ್ನ ಲೋಟ ಎತ್ತಿಕೊಂಡು, ಹೊಗೆ ಇನ್ನೂ ಏಳುತ್ತಿರುವಾಗಲೇ ಕುಡಿದೆ.